ಮಕ್ಕಳಿಗಿಂತ ಮುಂಚೆ ನಾವು ಕ್ಲಾಸಿಗೆ ಹೋಗ್ಬೇಕು

ನಾನು ತಿಪಟೂರು ಬಿಟ್ಟು ಕೆನಡಾದ ನಾರ್ತ್ ವ್ಯಾಂಕೂವರ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿಂದ ವಿಸ್ಲರ್ ಕಡೆ ಹೋಗೋ ಹೈವೇಲಿ ಎಷ್ಟೋ ಬೋರ್ಡುಗಳ ಮೇಲೆ ಇಂಗ್ಲಿಷ್ ಹೆಸರಿನ ಜೊತೆ ಇನ್ನೊಂದು ಹೆಸರಿರುತ್ತೆ, ಅದರ ನಡುವೆ 7 ಅಂತ ಅಂಕಿ. ಮಗಳು ಒಂದಿನ ಕಾರಲ್ಲಿ ಕೇಳಿದ್ಲು, ಅಪ್ಪ ಹೆಸರೊಳಗೆ ನಂಬರ್ ಯಾಕಿದೆ ಅಂತ. ನಂಗೆ ಗೊತ್ತಿರಲಿಲ್ಲ. ಆಫೀಸಲ್ಲಿ ಇಲ್ಲಿನ ಮೂಲನಿವಾಸಿಗಳಾದ ಸ್ಕ್ವಾಮಿಶ್ ಸಮುದಾಯದ ಹೆಣ್ಣುಮಗಳೊಬ್ರಿದಾರೆ, ಅವರನ್ನ ಕೇಳ್ದೆ. ಅದು ಅಂಕಿ ಅಲ್ಲ, ಅಕ್ಷರ ಅಂದ್ರು. ಗಂಟಲು ಒಂದು ಕ್ಷಣ ಮುಚ್ಚಿ ಬಿಟ್ಟಾಗ ಬರೋ ಸದ್ದು. ಭಾಷಾವಿಜ್ಞಾನಿಗಳು ಅದಕ್ಕೆ ಬರೆಯೋ ಚಿಹ್ನೆ ನೋಡೋಕೆ 7ರ ಥರಾನೇ ಇರೋದ್ರಿಂದ ಟೈಪ್ ಮಾಡುವಾಗ 7 ಆಯ್ತು. ನಾವು ಮಕ್ಕಳಿಗೆ ಬೇಡ ಅನ್ನೋಕೆ ತಲೆ ಆಡಿಸ್ತಾ "ಅಅ" ಅಂತೀವಲ್ಲ, ಎರಡು ಅ ಮಧ್ಯೆ ಗಂಟಲು ಹಿಡಿದು ಬಿಡುತ್ತಲ್ಲ, ಅದೇ. ನಮ್ಮ ಬಾಯಲ್ಲೂ ಇದೆ, ಬರೆಯೋಕೆ ಅಕ್ಷರ ಇಲ್ಲ ಅಷ್ಟೆ. ಆ ಸಮುದಾಯದ ಹೆಸರನ್ನ ಅವರು ಹೇಳೋ ಹಾಗೆ ಕನ್ನಡದಲ್ಲಿ ಬರೆದ್ರೆ ಹತ್ತಿರಹತ್ತಿರ ಸ್ಕ್ವಹ್ವೂ7ಮೆಶ್ ಅಂತಾಗುತ್ತೆ, ಭಾಷೆಗೆ ಸ್ನಿಚಿಮ್ ಅಂತಾರೆ.

ಅವರೇ ಒಂದ್ಸಲ ತಮ್ಮ ಮನೆತನದ ಒಂದು ಕಾರ್ಯಕ್ಕೆ ಕರೆದಿದ್ರು. ಹುಡುಗನೊಬ್ಬನಿಗೆ ಹಿರಿಯರ ಹೆಸರು ಇಡೋದು. ನಮ್ಮಲ್ಲೂ ತಾತನ ಹೆಸರು ಮೊಮ್ಮಗನಿಗೆ ಇಡ್ತೀವಿ, ಆದ್ರೆ ಇಲ್ಲಿ ಹುಡುಗ ತೊಟ್ಟಿಲ ಕೂಸಲ್ಲ, ಎತ್ತರಕ್ಕೆ ಬೆಳೆದೋನು, ಹೆಸರಿನ ಭಾರ ಏನು ಅಂತ ಗೊತ್ತಿರೋನು. ಹೆಗಲಿಗೆ ಕಂಬಳಿ ಹೊದಿಸಿ, ಹಣೆಗೆ ಸೀಡರ್ ಮರದ ತೊಗಟೆಯ ಪಟ್ಟಿ ಕಟ್ಟಿ ನಿಲ್ಲಿಸಿದ್ರು. ಆಮೇಲೆ ಬಂದವರಲ್ಲಿ ಕೆಲವರನ್ನ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ಅವರ ಅಂಗೈಯಲ್ಲಿ ಕ್ವಾರ್ಟರ್, ಅಂದ್ರೆ 25 ಸೆಂಟಿನ ನಾಣ್ಯ ಇಟ್ರು. ಅವರು ಸಾಕ್ಷಿಗಳು. ಇವತ್ತು ಇಲ್ಲಿ ಏನಾಯ್ತು, ಯಾರಿಗೆ ಯಾವ ಹೆಸರು ಬಂತು, ಯಾರು ಏನು ಮಾತಾಡಿದ್ರು ಅನ್ನೋದನ್ನ ನೆನಪಿಟ್ಕೊಂಡು ಮನೆಗೆ ಹೋಗಿ ಹೇಳೋದು, ಮುಂದೆ ಯಾವತ್ತಾದ್ರೂ ಯಾರಾದ್ರೂ ಪ್ರಶ್ನೆ ಮಾಡಿದ್ರೆ ಎದ್ದು ನಿಂತು ಹೇಳೋದು ಅವರ ಕೆಲಸ. ನನ್ನ ಪಕ್ಕ ಕೂತಿದ್ದ ಅಜ್ಜಿ ಆ ನಾಣ್ಯಾನ ಕರ್ಚೀಫಿಗೆ ಕಟ್ಟಿ ಎದೆಗೆ ಹತ್ತಿರ ಇಟ್ಕೊಂಡ್ರು, ನಮ್ಮಜ್ಜಿ ಎಲೆ ಅಡಿಕೆ ಚೀಲಕ್ಕೆ ದುಡ್ಡು ಹಾಕ್ಕೊಳ್ತಿದ್ದ ಹಾಗೇ.

ನಮ್ಮ ಮದುವೆಗಳಲ್ಲಿ ಮುಯ್ಯಿ ಬರ್ಕೊಳ್ಳೋಕೆ ಒಬ್ರು ಪುಸ್ತಕ ಹಿಡ್ಕೊಂಡು ಕೂತಿರ್ತಾರೆ, ಯಾರು ಎಷ್ಟು ಹಾಕಿದ್ರು ಅನ್ನೋದು ಅದರಲ್ಲಿರುತ್ತೆ, ನಾಳೆ ಅವರ ಮನೆ ಕಾರ್ಯಕ್ಕೆ ನಾವು ತೀರಿಸ್ಬೇಕು. ಇವರಲ್ಲಿ ತಿರುಗುಮುರುಗು. ಕರೆದ ಮನೆಯವರೇ ಬಂದವರಿಗೆ ಕೊಡ್ತಾರೆ, ಕೊಟ್ಟಷ್ಟೂ ಆ ಮನೆಗೆ ಮರ್ಯಾದೆ, ಯಾಕಂದ್ರೆ ಬಂದವರು ನೆಂಟರು ಮಾತ್ರ ಅಲ್ಲ, ನೆನಪು ಹೊತ್ಕೊಂಡು ಹೋಗೋರು. ಪಾಟ್ಲ್ಯಾಚ್ ಅಂತ ಇಂಗ್ಲಿಷಲ್ಲಿ ಹೆಸರಾಗಿರೋದು ಈ ಥರದ ಕೊಡೋ ಕಾರ್ಯಗಳೇ. ಕೆನಡಾ ಸರ್ಕಾರ 1885ರಿಂದ 1951ರವರೆಗೆ ಇದನ್ನ ಕಾನೂನು ಮಾಡಿ ನಿಷೇಧಿಸಿತ್ತು. ಬರವಣಿಗೆ ಇಲ್ಲದ ಸಮಾಜದಲ್ಲಿ ಇದನ್ನ ನಿಲ್ಲಿಸೋದು ಅಂದ್ರೆ ನಮ್ಮ ಊರಿನ ಸಬ್ ರಿಜಿಸ್ಟ್ರಾರ್ ಆಫೀಸು, ಗ್ರಂಥಾಲಯ ಎರಡಕ್ಕೂ ಒಟ್ಟಿಗೆ ಬೆಂಕಿ ಇಟ್ಟ ಹಾಗೆ. ನಿಜವಾದ ಬೆಂಕೀನೂ ಇತ್ತು. ವ್ಯಾಂಕೂವರ್ ಊರೊಳಗೆ ಈಗಿನ ಕಿಟ್ಸಿಲಾನೋ ಬಡಾವಣೆ ಹತ್ತಿರ ಸೆನಾಕ್ ಅಂತ ಅವರದೊಂದು ಹಳ್ಳಿ, 1913ರಲ್ಲಿ ಅಲ್ಲಿದ್ದ ಮನೆಯವರನ್ನ ದೋಣಿ ಹತ್ತಿಸಿ ಕಳಿಸಿ ಮನೆಗಳನ್ನ ಸುಟ್ಟುಹಾಕಿದ್ರು. ಆ ಜಾಗದ ಹತ್ತು ಎಕರೆ ಚಿಲ್ಲರೆ ಕೋರ್ಟಲ್ಲಿ ಹೋರಾಡಿ ವಾಪಸ್ ಪಡೆದು ಈಗ ಅವರೇ ಅಲ್ಲಿ ಸುಮಾರು 6,000 ಮನೆಗಳ ದೊಡ್ಡ ಟವರ್‌ಗಳನ್ನ ಕಟ್ಟಿಸ್ತಿದಾರೆ.

ಭಾಷೆ ವಾಪಸ್ ತರೋದು ಮಾತ್ರ ಜಾಗ ವಾಪಸ್ ತರೋದಕ್ಕಿಂತ ಕಷ್ಟ. ನಾರ್ತ್ ವ್ಯಾಂಕೂವರಲ್ಲೇ ಸೇಂಟ್ ಪಾಲ್ಸ್ ಅಂತ ವಸತಿ ಶಾಲೆ 1899ರಿಂದ 1959ರವರೆಗೆ ನಡೀತು. ಮಕ್ಕಳನ್ನ ಮನೆಯಿಂದ ಬಿಡಿಸಿ ಅಲ್ಲಿಡೋದು, ಅವರ ಭಾಷೆ ಆಡಿದ್ರೆ ಶಿಕ್ಷೆ. ಹಂಗೆ ಬೆಳೆದವರು ತಮ್ಮ ಮಕ್ಕಳಿಗೆ ಆ ಪಾಡು ಬೇಡ ಅಂತ ಇಂಗ್ಲಿಷೇ ಕಲಿಸಿದ್ರು, ಕೊನೆಗೆ ಹುಟ್ಟಿನಿಂದ ಸ್ನಿಚಿಮ್ ಆಡಿದ ಹಿರಿಯರು ಬೆರಳೆಣಿಕೆಗೆ ಬಂದ್ರು. ಪುಸ್ತಕ ಇರಲಿಲ್ಲ ಅಂತಲ್ಲ. ನಮಗೆ 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಬಂದ ಹಾಗೆ ಇವರಿಗೂ ಹೊರಗಿನವರೊಬ್ರು ಸಿಕ್ಕಿದ್ರು, ಡಚ್ ಭಾಷಾವಿಜ್ಞಾನಿ ಆರ್ಟ್ ಕೈಪರ್ಸ್, 1967ರಲ್ಲಿ ಈ ಭಾಷೆಯ ವ್ಯಾಕರಣ ಪ್ರಕಟಿಸಿದ್ರು. 2011ರಲ್ಲಿ ಸಮುದಾಯದ ನಿಘಂಟೂ ಬಂತು. ಆದ್ರೆ ಕಿಟ್ಟೆಲ್ ಅವರ ಕಿಟಕಿ ಹೊರಗೆ ಸಂತೆಯಲ್ಲಿ ಜನ ಕನ್ನಡದಲ್ಲೇ ಚೌಕಾಸಿ ಮಾಡ್ತಿದ್ರು, ಇವರಿಗೆ ಆ ಸಂತೆ ಉಳಿದಿರಲಿಲ್ಲ.

ಆಗ ಇವರು ಮಾಡಿದ್ದು ನೋಡಿ. ಖೆಲ್ಸಿಲೆಮ್ ಅನ್ನೋ ಸ್ಕ್ವಾಮಿಶ್ ಯುವಕ, ತಾನೂ ದೊಡ್ಡವನಾದ ಮೇಲೇ ಭಾಷೆ ಕಲ್ತವರು, 2016ರಲ್ಲಿ ಸೈಮನ್ ಫ್ರೇಸರ್ ಯೂನಿವರ್ಸಿಟಿ ಜೊತೆ ಸೇರಿ ಕೋರ್ಸ್ ಶುರು ಮಾಡಿದ್ರು. ಮಕ್ಕಳಿಗಲ್ಲ, ದೊಡ್ಡವರಿಗೆ. ವಾರಕ್ಕೊಂದು ಗಂಟೆ ಅಲ್ಲ, ಫುಲ್ ಟೈಮ್, ದಿನವಿಡೀ ಸ್ನಿಚಿಮ್‌ನಲ್ಲೇ. ತಾಯಿ ತಂದೆಗೆ ಬಂದ್ರೆ ಮನೆಗೆ ಬರುತ್ತೆ, ಟೀಚರಿಗೆ ಬಂದ್ರೆ ಶಾಲೆಗೆ ಬರುತ್ತೆ, ಮಗುವಿನಿಂದ ಶುರು ಮಾಡಿದ್ರೆ ಮಗು ಯಾರ ಹತ್ರ ಮಾತಾಡ್ಬೇಕು? ಈಗ ಆಫೀಸಲ್ಲಿ ಆ ಹೆಣ್ಣುಮಗಳು ಫೋನಲ್ಲಿ ಸಂಬಂಧಿಕರಿಗೆ "ಹೊಯ್ ಚೆಹ್ವ್ ಆ" ಅಂತ ಥ್ಯಾಂಕ್ಸ್ ಹೇಳೋದು ಕೇಳ್ತಿರ್ತೀನಿ, ತುಂಬಾ ಜನಕ್ಕಾದ್ರೆ "ಹೊಯ್ ಚಾಪ್".

ಇನ್ನು ನಾವು. ಕೋಟಿಗಟ್ಟಲೆ ಜನ ಆಡೋ ಭಾಷೆ ನಮ್ದು, ಯಾವ ಶಾಲೇನೂ ಕನ್ನಡ ಆಡಿದ್ದಕ್ಕೆ ನಮ್ಮನ್ನ ಅಪ್ಪಅಮ್ಮನಿಂದ ಕಿತ್ಕೊಂಡು ಹೋಗ್ಲಿಲ್ಲ. ಆದ್ರೂ ಹೊರದೇಶದಲ್ಲಿ ನಾವು ಕನ್ನಡ ಉಳಿಸೋ ಕೆಲಸಾನ ಏಳು ವರ್ಷದ ಮಕ್ಕಳ ಹೆಗಲಿಗೆ ಹಾಕಿದೀವಿ. ಭಾನುವಾರ ಕ್ಲಾಸಿಗೆ ಬಿಡ್ತೀವಿ, ಒಳಗೆ ಅವರು ಅ ಆ ಇ ಈ ತಿದ್ದುತಿದ್ರೆ ನಾವು ಹೊರಗೆ ಪಾರ್ಕಿಂಗಲ್ಲಿ ಕಾಫಿ ಹಿಡ್ಕೊಂಡು ಮನೆ ಲೋನಿನ ಬಡ್ಡಿ ಬಗ್ಗೆ ಇಂಗ್ಲಿಷಲ್ಲಿ ಮಾತಾಡ್ತಾ ನಿಂತಿರ್ತೀವಿ. ಮಗು ಹೊರಗೆ ಬಂದು ನೋಡೋದು ಏನು? ಕನ್ನಡ ಅಂದ್ರೆ ಒಂದು ಗಂಟೆ ಕೂತು ಎದ್ದು ಬರೋ ಸಬ್ಜೆಕ್ಟು. ರಾಜ್ಯೋತ್ಸವಕ್ಕೆ ಮಕ್ಕಳ ಕೈಲಿ ಹಾಡು ಹೇಳಿಸಿ ಚಪ್ಪಾಳೆ ಹೊಡೀತೀವಿ, ವಿಡಿಯೋ ಮಾಡ್ತೀವಿ, ಊಟ ಮಾಡಿ ಹೊರಡ್ತೀವಿ. ಸ್ಕ್ವಾಮಿಶ್ ಜನರ ಕಾರ್ಯದಲ್ಲಿ ಬಂದವರಿಗೆ ನೆನಪಿನ ಹೊರೆ ಕೈಗಿಟ್ಟು ಕಳಿಸ್ತಾರೆ, ನಮ್ಮಲ್ಲಿ ಹೊರೆ ಮಗೂಗೆ, ಪ್ರೇಕ್ಷಕರು ನಾವು. ಇದು ತಪ್ಪು ಅಂತ ನಂಗೆ ಬಲವಾಗಿ ಅನ್ಸುತ್ತೆ.

ಕಳೆದ ತಿಂಗಳಿಂದ ನಾವು ಐದು ಜನ ಅಪ್ಪಅಮ್ಮಂದಿರು ಪಾರ್ಕಿಂಗಿಂದ ಒಳಗೆ ಹೋಗಿ ಪಕ್ಕದ ರೂಮಲ್ಲಿ ಕೂರ್ತಿದೀವಿ. ಒಬ್ರು ಹುಟ್ಟಿ ಬೆಳೆದಿದ್ದು ಪುಣೆ, ಓದೋಕೆ ಬರಲ್ಲ, ಕಾಗುಣಿತದಿಂದ ಶುರು ಮಾಡಿದಾರೆ. ಆ ಒಂದು ಗಂಟೆ ಬಡ್ಡಿ, ಹಿಮ, ಮಕ್ಕಳ ಜ್ವರ, ಏನೇ ಇದ್ರೂ ಕನ್ನಡದಲ್ಲೇ. ಹೋದ ವಾರ ಮಗಳು ಬೇಗ ಮುಗಿಸಿ ಬಾಗಿಲಲ್ಲಿ ಬಂದು ನಿಂತ್ಲು, ನಮ್ಮ ಮಾತು ಕೇಳ್ತಾ ಸ್ವಲ್ಪ ಹೊತ್ತು ಅಲ್ಲೇ ಇದ್ದು ಆಮೇಲೆ ಒಂದು ಕುರ್ಚಿ ಎಳ್ಕೊಂಡು ಬಂದು ಪಕ್ಕ ಕೂತ್ಲು.