ಸೋಮಾರಿ ಬಾತು ಅಲ್ಲ ಸ್ವಾಮಿ, ನೈಟ್ ಶಿಫ್ಟ್

ಡಿಸೆಂಬರ್‌ನ ಒಂದು ಬೆಳಗ್ಗೆ ಕೆರೆ ಏರಿ ಮೇಲೆ ಬೈನಾಕ್ಯುಲರ್ ಹಿಡಿದು ನಿಂತಿದ್ದೆ. ವಾಕಿಂಗ್ ಬಂದ ಹಿರಿಯರೊಬ್ಬರು ನೀರಿನ ಕಡೆ ಕೈ ತೋರಿಸಿ, "ಏನ್ರೀ ಇವು, ಯಾವಾಗ ನೋಡಿದ್ರೂ ನಿದ್ದೆ! ಸೋಮಾರಿ ಬಾತು" ಅಂದರು.

ಅವರದೇನೂ ತಪ್ಪಿಲ್ಲ. ಇಟ್ಟಿಗೆ ಬಣ್ಣದ ತಲೆ, ಕಪ್ಪು ಎದೆ, ಬೂದು ಮೈ. ಪೋಚಾರ್ಡ್ ಅನ್ನುವ ವಲಸೆ ಬಾತಿನ ಗಂಡುಗಳು. ಕೊಕ್ಕನ್ನು ಬೆನ್ನಿನ ಗರಿಯೊಳಗೆ ತುರುಕಿಕೊಂಡು ಸುಮ್ನೆ ತೇಲುತ್ತಿದ್ದವು. ಒಂದು ಮಾತ್ರ ಕಣ್ಣು ಬಿಟ್ಟು ನೋಡಿತು. ಕೆಂಡದಂಥ ಕಣ್ಣು.

ಪಾಪ, ಇವು ಚಳಿಗಾಲದಲ್ಲಿ ಹೆಚ್ಚಾಗಿ ಮೇಯುವುದೇ ರಾತ್ರಿ. ಹಗಲು ನಿದ್ದೆ ಮಾಡದೆ ಇನ್ನೇನು ಮಾಡಬೇಕು? ಬಾಲ ಮೇಲೆ ಮಾಡಿ ತಲೆ ಮಾತ್ರ ಅದ್ದುವ ಬಾತುಗಳಲ್ಲ ಇವು, ಪೂರ್ತಿ ಮುಳುಗುವ ಜಾತಿ. ಮುಳುಗುವ ಮುಂಚೆ ಗರಿಗಳನ್ನು ಮೈಗೆ ಒತ್ತಿಕೊಂಡು ಗಾಳಿ ಹೊರಹಾಕುತ್ತವೆ. ಇಲ್ಲದಿದ್ದರೆ ಬೆಂಡಿನ ಹಾಗೆ ಮೇಲೆ ಬಂದುಬಿಡುತ್ತವೆ. ಆಮೇಲೆ ಗುಳುಂ! ತಳದಲ್ಲಿ ನೀರುಗಿಡಗಳ ಬೀಜ, ಗೆಡ್ಡೆ, ಬಸವನಹುಳು, ಏನು ಸಿಕ್ಕಿದರೂ ಆದೀತು. ಕಾಲು ಮೈಯ ಹಿಂಭಾಗಕ್ಕೆ ಇರುವುದರಿಂದ ನೀರೊಳಗೆ ದೋಣಿಯ ಹುಟ್ಟಿನ ಹಾಗೆ ಕೆಲಸ ಮಾಡುತ್ತದೆ. ನೆಲದ ಮೇಲೆ ಮಾತ್ರ ನಡಿಗೆ ನೋಡಬೇಕು, ನಗು ಬರುತ್ತದೆ. ಹಾರುವುದಕ್ಕೂ ಅಷ್ಟೇ, ನೀರಿನ ಮೇಲೆ ಪಟಪಟ ಅಂತ ಓಡಿಯೇ ಏಳಬೇಕು.

ಮರಿ ಮಾಡುವುದು ಇಲ್ಲಿ ಅಲ್ಲ. ಯೂರೋಪಿನಿಂದ ಸೈಬೀರಿಯಾದ ತನಕ, ಜೊಂಡಿನ ನಡುವೆ ಎಂಟು-ಹತ್ತು ಮೊಟ್ಟೆ. ಸುಮಾರು 25 ದಿನ ಹೆಣ್ಣೊಂದೇ ಕಾವು ಕೂರುತ್ತದೆ, ಗಂಡು ಅಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತದೆ. ಗೂಡಲ್ಲಿ ಕೂತವಳೇ ನರಿ ಬಾಯಿಗೆ ಸಿಗುವುದು. ಎಣಿಸಿದರೆ ಹಲವು ಕಡೆ ಹೆಣ್ಣಿಗಿಂತ ಗಂಡೇ ಜಾಸ್ತಿ. ಅಳಿವಿನ ಭಯವಿರುವ ಜೀವಿಗಳ ಲೆಕ್ಕ ಇಡುವ ಜಾಗತಿಕ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ 2015ರಿಂದ ಇದು ಅಪಾಯದ ಅಂಚಿನ (ವಲ್ನರಬಲ್) ಹಕ್ಕಿ.

ಇಷ್ಟು ದೂರದಿಂದ ಬಂದವಕ್ಕೆ ನಾವು ಕೊಡುವುದೇನು? ಕೆರೆ ಅಭಿವೃದ್ಧಿ ಅಂದರೆ ನಮಗೆ ಟ್ರ್ಯಾಕ್, ಬೆಂಚು, ಸೆಲ್ಫಿ ಪಾಯಿಂಟು. ಹೂಳಿನ ಜೊತೆ ತಳದ ಗಿಡವನ್ನೂ ಕೆರೆದು ಹಾಕಿ "ಕ್ಲೀನ್ ಆಯ್ತು" ಅನ್ನುತ್ತೇವೆ. ಬೆಳಗ್ಗೆ ಆರು ಗಂಟೆಗೆ ವಾಕಿಂಗ್ ಬರುವವರಿಗೇ ಎಲ್ಲಾ ಪ್ಲಾನು. ರಾತ್ರಿ ಎರಡು ಗಂಟೆಗೆ ಆ ನೀರಿನ ತಳದಲ್ಲಿ ಯಾರಿಗೆ ಏನು ಬೇಕು ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಹೂಳು ತೆಗೆಯಲೇಬೇಡಿ ಅಂತಲ್ಲ. ಒಂದು ಮೂಲೆಯನ್ನಾದರೂ ಗಿಡಕ್ಕೂ ಕತ್ತಲೆಗೂ ಬಿಡಿ, ಸಾಕು.

ಇದನ್ನೆಲ್ಲ ಹೇಳಿದ್ದಕ್ಕೆ ಆ ಹಿರಿಯರು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ರಾತ್ರಿ ಬಂದು ನೋಡ್ಬೇಕಾಯ್ತು" ಅಂದು ಹೊರಟರು.

ಮೊನ್ನೆ ಮತ್ತೆ ಹೋಗಿದ್ದೆ. ಏರಿ ಉದ್ದಕ್ಕೂ ಲೈಟ್ ಕಂಬಕ್ಕೆ ಗುಂಡಿ ತೋಡಿದ್ದಾರೆ. ಪೋಚಾರ್ಡ್‌ಗಳು ಇನ್ನೂ ಇದ್ದವು. 41 ಎಣಿಸಿದೆ. ಎಲ್ಲಾ ನಿದ್ದೆಯಲ್ಲಿ.