ಸೋಲುವ ತಂಡದ ಬೆನ್ನಿಗೆ ಸಿಂಗಾಪುರದವರೆಗೆ ಹೋದ ಹುಡುಗರ ಪರವಾಗಿ

ನಿನ್ನೆ ಬೆಳಗಾವಿಯ ಶಹಾಪುರದ ಮಂಗಲ ಕಾರ್ಯಾಲಯವೊಂದರಲ್ಲಿ ಮದುವೆಯ ಊಟಕ್ಕೆ ಕುಳಿತಾಗ ಕಿವಿಗೆ ಬಿದ್ದ ಮಾತೊಂದು ಇನ್ನೂ ತಲೆಯಿಂದ ಇಳಿದಿಲ್ಲ. ನನ್ನ ಪಂಕ್ತಿಯಲ್ಲೇ ನಮ್ಮ ಓಣಿಯ ಹುಡುಗರೂ ಕುಳಿತಿದ್ದರು. 2025ರ ಅಕ್ಟೋಬರ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ಪಂದ್ಯ ನೋಡಲು ಒಟ್ಟಾಗಿ ಸಿಂಗಾಪುರಕ್ಕೆ ಹೋಗಿ ಬಂದವರು ಇವರೇ ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತು. ಬಡಿಸುತ್ತ ಬಂದ ಹಿರಿಯರೊಬ್ಬರು ಅವರಲ್ಲಿ ಎಲ್ಲರಿಗಿಂತ ಚಿಕ್ಕವನ ಎಲೆಯ ಮುಂದೆ ನಿಂತು, "ಸೋಲೂ ಟೀಮ್ ನೋಡಾಕ ಸಿಂಗಾಪುರತನಕಾ ಹೋಗಿದ್ದಿಯಂತಲ್ಲೋ ತಮ್ಮಾ, ರೊಕ್ಕ ಹೆಚ್ಚಾಗ್ಯಾವೇನು?" ಎಂದರು. ಸುತ್ತ ಕುಳಿತವರೆಲ್ಲ ನಕ್ಕರು. ಹುಡುಗ ತಲೆ ಎತ್ತದೆ, "ಸೋತಿಲ್ರೀ ಕಾಕಾ, ಡ್ರಾ ಆಗೈತ್ರಿ" ಎಂದಷ್ಟೇ ಹೇಳಿದ. ಆ ಹಿರಿಯರ ಮೇಲೆ ನನಗೆ ದ್ವೇಷವಿಲ್ಲ, ಅವರು ನಮ್ಮವರೇ. ಆದರೆ ಆ ನಗೆ ನನಗೆ ಸಹಿಸಲಾಗಲಿಲ್ಲ. ಮದುವೆ ಮನೆಯೆಂದು ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ರೊಕ್ಕ ಹೆಚ್ಚಾದವರು ಯಾರೂ ಆ ಗುಂಪಿನಲ್ಲಿಲ್ಲ. ಒಬ್ಬ ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಾನೆ, ಇನ್ನೊಬ್ಬನಿಗೆ ಮೊಬೈಲ್ ರಿಪೇರಿಯ ಸಣ್ಣ ಅಂಗಡಿಯಿದೆ, ಮತ್ತೊಬ್ಬ ಈಗಷ್ಟೇ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ಸೇರಿದ್ದಾನೆ. ತಮ್ಮತಮ್ಮಲ್ಲೇ ಭಿಶಿ, ಅಂದರೆ ಚೀಟಿ, ಹಾಕಿಕೊಂಡು, ಎತ್ತಿದ ಹಣವನ್ನು ಯಾರೂ ಮನೆಗೆ ಒಯ್ಯದೆ ವಿಮಾನದ ಟಿಕೆಟಿಗೆಂದು ಒಂದೇ ಕಡೆ ಕೂಡಿಟ್ಟು, ಸಂಬಳವಿಲ್ಲದ ರಜೆ ಪಡೆದು, ವೀಸಾಕ್ಕಾಗಿ ಏಜೆಂಟರ ಬಾಗಿಲಿಗೆ ಅಲೆದು ಅವರು ಹೊರಟಿದ್ದರು. ಯಾರ ಹತ್ತಿರವೂ ಕೈಚಾಚಲಿಲ್ಲ, ಯಾರ ಸಾಲವನ್ನೂ ಉಳಿಸಿಕೊಳ್ಳಲಿಲ್ಲ. ತಮ್ಮ ದುಡಿಮೆಯ ಹಣವನ್ನು ಖರ್ಚು ಮಾಡಿದ್ದಕ್ಕೆ ಅವರೇಕೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ಕೂರಬೇಕು?

ಅವರು ಕಂಡದ್ದೇನು ಎಂಬುದನ್ನಾದರೂ ಯಾರಾದರೂ ಕೇಳಿದರೆ? ಅಕ್ಟೋಬರ್ 9ರಂದು, ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ, ವಿರಾಮಕ್ಕೆ ಸ್ವಲ್ಪ ಮೊದಲು ಸಿಂಗಾಪುರ ಗೋಲು ಹೊಡೆಯಿತು. ವಿರಾಮ ಮುಗಿದು ಆಟ ಶುರುವಾದ ಕೂಡಲೇ ನಮ್ಮ ಸಂದೇಶ್ ಝಿಂಗಾನ್‌ಗೆ ಕೆಂಪು ಕಾರ್ಡ್ ಬಿತ್ತು. ಅಲ್ಲಿಂದಾಚೆ ನಮ್ಮವರು ಹತ್ತೇ ಜನ, ಅದೂ ಪರರ ಮೈದಾನದಲ್ಲಿ, ಮೇಲೆ ಗುಮ್ಮಟದಂತಹ ಛಾವಣಿಯಿದ್ದು ಎದುರಾಳಿಗಳ ಕೂಗು ಹೊರಗೆ ಹೋಗದೆ ತಲೆಯ ಮೇಲೇ ಬೀಳುವಂಥ ಕ್ರೀಡಾಂಗಣದಲ್ಲಿ. 90ನೇ ನಿಮಿಷದಲ್ಲಿ ನಮ್ಮ ರಹೀಂ ಅಲಿ ಗೋಲು ಹೊಡೆದು ಸಮ ಮಾಡಿದರು. ನೀಲಿ ಅಂಗಿಯವರು ಕುಳಿತಿದ್ದ ಭಾಗದಲ್ಲಿ ಆ ಕ್ಷಣ ಏನಾಯಿತೆಂಬುದನ್ನು ನಮ್ಮ ಲೇಥ್ ಹುಡುಗ ನನಗೆ ಹೇಳಿದ್ದಾನೆ: ಪಕ್ಕದಲ್ಲಿದ್ದ, ಹೆಸರು ಗೊತ್ತಿಲ್ಲದ ತಮಿಳು ಕೂಲಿಕಾರನೊಬ್ಬ ಅವನನ್ನು ತಬ್ಬಿಕೊಂಡು ಅಳುತ್ತಲೇ ಇದ್ದನಂತೆ, ಪಂದ್ಯ ಮುಗಿದ ಮೇಲೂ ಬಿಡಲಿಲ್ಲವಂತೆ. ಸೋಲುವ ತಂಡವನ್ನು ನೋಡಲು ಹೋದವರಿಗೆ ಸಿಕ್ಕಿದ್ದು ಇದು.

ಐದು ದಿನಗಳ ಬಳಿಕ ಅದೇ ಸಿಂಗಾಪುರ ಗೋವಾದ ಫತೋರ್ಡಾಕ್ಕೆ ಬಂದು ನಮ್ಮನ್ನು 2-1ರಿಂದ ಸೋಲಿಸಿತು. ಚೋರ್ಲಾ ಘಾಟ್ ಇಳಿದರೆ ಸಿಗುವ ಮೈದಾನವಾದ್ದರಿಂದ ನಾನೂ ಅಲ್ಲಿದ್ದೆ. ನಮ್ಮ ಛಾಂಗ್ಟೆ ಮೊದಲು ಗೋಲು ಹೊಡೆದಾಗ ಎಲ್ಲರ ಜೊತೆ ಕುಣಿದವನು, ಎದುರಾಳಿಗಳ ಎರಡು ಗೋಲುಗಳಾದ ಮೇಲೆ ಘಾಟ್ ಹತ್ತಿ ಮನೆ ಮುಟ್ಟುವವರೆಗೂ ಒಂದು ಮಾತೂ ಆಡಲಿಲ್ಲ. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0-1. ನಮ್ಮ ತಂಡ ಸೋಲುತ್ತಿದೆ ಎಂಬುದನ್ನು ನಮಗೆ ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ನಗುವವರಿಗಿಂತ ಆ ಸೋಲು ನಮ್ಮನ್ನು ಹೆಚ್ಚು ಸುಟ್ಟಿದೆ.

"ಗೆಲ್ಲಲಿ, ಆಮೇಲೆ ನೋಡೋಣ" ಎನ್ನುವವರಿಗೆ 2018ರ ಜೂನ್ ತಿಂಗಳನ್ನು ನೆನಪಿಸಬೇಕು. ಅಂದು ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು (ತೈವಾನ್ ತಂಡವನ್ನು) 5-0ಯಿಂದ ಸೋಲಿಸಿತು, ಸುನಿಲ್ ಛೆಟ್ರಿ ಹ್ಯಾಟ್ರಿಕ್ ಬಾರಿಸಿದರು, ನೋಡಲು ಬಂದವರು 2,569 ಜನ. ಮರುದಿನ ನಾಯಕನೇ ವಿಡಿಯೊ ಮಾಡಿ, ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬನ್ನಿ ಎಂದು ಕೈಮುಗಿಯಬೇಕಾಯಿತು. ಆ ಬಳಿಕ ಕೀನ್ಯಾ ಎದುರಿನ ಪಂದ್ಯದ ಟಿಕೆಟ್‌ಗಳೆಲ್ಲ ಮಾರಾಟವಾದವು ಎಂಬುದೂ ನಿಜ. ಆದರೆ ಗೆದ್ದ ದಿನವೂ ಮೈದಾನ ಖಾಲಿಯಿತ್ತಲ್ಲ? ಗೆದ್ದರೂ ಬಾರದವರು, ಸೋತಾಗ ಹೋದವರನ್ನು ನೋಡಿ ನಗುತ್ತಾರೆ. ನನ್ನ ಸಂಕಟ ಇದೇ.

ನನ್ನದೂ ಒಂದು ವಿಷಯ ಹೇಳಿಬಿಡುತ್ತೇನೆ, ಮನೆಯವರೂ ಇದನ್ನು ಇಲ್ಲಿಯೇ ಓದಲಿ. 2016ರ ನವೆಂಬರ್‌ನಲ್ಲಿ ನಾನು ದೋಹಾಕ್ಕೆ ಹೋದದ್ದು ಕೆಲಸದ ನಿಮಿತ್ತ ಅಲ್ಲ. ಬೆಂಗಳೂರು ಎಫ್‌ಸಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತ್ತು, ಆ ಫೈನಲ್ ದೋಹಾದಲ್ಲಿತ್ತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಮುಟ್ಟಿರಲಿಲ್ಲ. ಸಂಬಳದ ಮುಂಗಡ ಪಡೆದು ಗೆಳೆಯರೊಂದಿಗೆ ಹೊರಟೆ. ಆ ಪ್ರಯಾಣದ ಬಗ್ಗೆ ನನಗೆ ಇವತ್ತಿಗೂ ಎಳ್ಳಷ್ಟು ಪಶ್ಚಾತ್ತಾಪವಿಲ್ಲ.

ನಾವು ಒಯ್ದಿದ್ದ ನೀಲಿ ಬಟ್ಟೆಯ ಬ್ಯಾನರನ್ನು ಶಹಾಪುರದ ಒಬ್ಬ ದರ್ಜಿ ಹೊಲಿದುಕೊಟ್ಟಿದ್ದರು. ಎರಡು ಸೀರೆಯಗಲದ ಬಟ್ಟೆ, ನಡುವೆ ದಪ್ಪ ಹೊಲಿಗೆ, ಮೇಲೆ ಬಿಳಿ ಬಣ್ಣದಲ್ಲಿ ಬರೆದ ಕನ್ನಡ ಅಕ್ಷರಗಳು. ಕ್ರೀಡಾಂಗಣದ ಬಾಗಿಲಲ್ಲಿ ಕಾವಲಿನವರು ಅದನ್ನು ನೆಲದ ಮೇಲೆ ಪೂರ್ತಿ ಬಿಡಿಸಿದರು, ಹೊಲಿಗೆಯನ್ನು ಬೆರಳಿನಿಂದ ಒತ್ತೊತ್ತಿ ನೋಡಿದರು, ಏನು ಬರೆದಿದೆ ಎಂದು ವಿಚಾರಿಸಿದರು, ಕೋಲುಗಳನ್ನು ಹೊರಗೇ ಇಡಿಸಿದರು. ಕೊನೆಗೆ ಮಲಯಾಳಿ ಕಾವಲುಗಾರನೊಬ್ಬ ಅಕ್ಷರಗಳ ಗುರುತು ಹಿಡಿದು ಮೇಲಿನವರಿಗೆ ಏನೋ ಹೇಳಿದ ಮೇಲೆ ಒಳಗೆ ಬಿಟ್ಟರು. ಕೋಲಿಲ್ಲದ ಬ್ಯಾನರನ್ನು ತೊಂಬತ್ತು ನಿಮಿಷವೂ ಕೈಯಲ್ಲೇ ಎತ್ತಿ ಹಿಡಿದೆವು.

ಎದುರಾಳಿ ಇರಾಕ್‌ನ ಏರ್ ಫೋರ್ಸ್ ಕ್ಲಬ್. ತಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಪಂದ್ಯಕ್ಕೆ ಅವಕಾಶವಿಲ್ಲದೆ ದೋಹಾವನ್ನೇ ತವರು ಮಾಡಿಕೊಂಡಿದ್ದ ತಂಡ ಅದು. ಅಂದರೆ ಅಂದು ಅಲ್ಲಿ ನಾವೂ ಪರದೇಶಿಗಳು, ಅವರೂ ಪರದೇಶಿಗಳು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಕಪ್ ಅವರ ಪಾಲಾಯಿತು. ಹೊರಗೆ ಬಂದಾಗ ಇರಾಕಿನ ನಡುವಯಸ್ಸಿನವರೊಬ್ಬರು ನಮ್ಮ ಭುಜ ತಟ್ಟಿ ಮಾತನಾಡಿಸಿದರು. ನಮ್ಮೂರಿನ ಹಾಲಿನ ಸಿಹಿ ಕುಂದಾ ದಾರಿಯಲ್ಲಿ ಕೆಟ್ಟೀತೆಂದು ನಾವು ಗೋಕಾಕದ ಕರದಂಟು ಒಯ್ದಿದ್ದೆವು, ಉಳಿದದ್ದನ್ನೆಲ್ಲ ಅವರ ಕೈಗೇ ಇಟ್ಟೆವು. ಸೋತ ರಾತ್ರಿಯಲ್ಲಿ, ಗೆದ್ದವರ ನಡುವೆ ನಿಂತು, ನಮ್ಮ ತಂಡ ಇದೇ ಎಂದು ಎದೆಯುಬ್ಬಿಸಿ ಹೇಳುವುದು ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು.

ಟಿವಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದಲ್ಲ ಎನ್ನುವವರಿದ್ದಾರೆ. ಕಾಣುತ್ತದೆ, ಒಪ್ಪಿದೆ. ಆದರೆ ಆಷಾಢದಲ್ಲಿ ದಿಂಡಿಯೊಂದಿಗೆ ಪಂಢರಪುರಕ್ಕೆ ನಡೆದು ಹೋಗುವ ನಮ್ಮೂರಿನವರಿಗೆ ವಿಠ್ಠಲ ಟಿವಿಯಲ್ಲೇ ಕಾಣುತ್ತಾನಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ಕೂಡಿ ಹೋಗುವುದೇ ಒಂದು ನಡೆ. ಮೇಲಾಗಿ ಪರದೇಶದ ಮೈದಾನದಲ್ಲಿ ಹತ್ತೇ ಜನ ಉಳಿದ ತಂಡಕ್ಕೆ ತನ್ನ ಭಾಷೆಯ ಒಂದು ಕೂಗು ಕಿವಿಗೆ ಬೀಳಬೇಕಾದರೆ, ಆ ಕೂಗು ಹಾಕುವವನು ಅಲ್ಲಿರಲೇಬೇಕು. ಬೆಳಗಾವಿಯ ಮನೆಯಲ್ಲಿ ಕೂಗಿದರೆ ಪಕ್ಕದ ಮನೆಯವರಿಗೆ ಕೇಳೀತು, ಝಿಂಗಾನ್‌ಗೆ ಕೇಳದು.

ಸೋಲುವ ತಂಡದೊಂದಿಗೆ ಊರು ಬಿಟ್ಟು ಹೋಗುವುದು ನಮ್ಮ ಹುಡುಗರೇ ಕಂಡುಹಿಡಿದ ಹುಚ್ಚಲ್ಲ. ಪೆರು ದೇಶ 36 ವರ್ಷ ಕಾದು 2018ರಲ್ಲಿ ವಿಶ್ವಕಪ್ಪಿಗೆ ಬಂದಾಗ ಆ ದೇಶದ ಸಾವಿರಾರು ಜನ ಭೂಮಿಯ ಇನ್ನೊಂದು ಬದಿಯಿಂದ ರಷ್ಯಾಕ್ಕೆ ಬಂದಿಳಿದರು. ತಂಡ ಡೆನ್ಮಾರ್ಕ್‌ಗೂ ಸೋತಿತು, ಫ್ರಾನ್ಸ್‌ಗೂ ಸೋತಿತು, ಕೊನೆಗೆ ಆಸ್ಟ್ರೇಲಿಯಾವನ್ನು ಗೆದ್ದು ಮನೆಗೆ ಹೋಯಿತು. 2012ರ ಯೂರೊ ಕಪ್ಪಿನಲ್ಲಿ ಪೋಲೆಂಡಿನ ಗ್ದಾನ್ಸ್ಕ್‌ನಲ್ಲಿ ಐರ್ಲೆಂಡ್ ಸ್ಪೇನ್ ಎದುರು 0-4ರಿಂದ ಹಿಂದಿದ್ದು ಟೂರ್ನಿಯಿಂದಲೇ ಹೊರಬೀಳುತ್ತಿದ್ದ ಕೊನೆಯ ನಿಮಿಷಗಳಲ್ಲಿ ಅವರ ಅಭಿಮಾನಿಗಳು ಎದ್ದು ನಿಂತು ಒಂದೇ ಸಮನೆ ಹಾಡಿದರು. ಆ ಹಾಡು ಆಟಗಾರರಿಗಾಗಿ ಇತ್ತೇ ಹೊರತು ಗೋಲಿನ ಲೆಕ್ಕಕ್ಕಾಗಿ ಇರಲಿಲ್ಲ.

ಇಂಥ ಗುಂಪುಗಳು ಬಡಿದಾಡುತ್ತವೆ, ಮಕ್ಕಳನ್ನು ಅಲ್ಲಿಗೆ ಕಳಿಸಬಾರದು ಎಂಬ ಮಾತೂ ನಿನ್ನೆ ಕೈತೊಳೆಯುವಲ್ಲಿ ಕೇಳಿಬಂತು. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ 39 ಜನ ಸತ್ತದ್ದನ್ನು ಯಾರೂ ಮರೆಯಬಾರದು, ನಾನೂ ಮರೆತಿಲ್ಲ. ಆದರೆ ಎಲ್ಲ ತಪ್ಪನ್ನೂ ದೂರದಿಂದ ಬಂದವರ ತಲೆಗೆ ಕಟ್ಟುವುದು ಎಷ್ಟು ಸುಲಭವೆಂಬುದಕ್ಕೆ 2022ರ ಪ್ಯಾರಿಸ್ ಸಾಕ್ಷಿ. ಚಾಂಪಿಯನ್ಸ್ ಲೀಗ್ ಫೈನಲಿಗೆ ಬಂದ ಲಿವರ್‌ಪೂಲ್ ಅಭಿಮಾನಿಗಳನ್ನು ಬಾಗಿಲಲ್ಲಿ ಇಕ್ಕಟ್ಟಿಗೆ ನೂಕಿ, ಅಶ್ರುವಾಯು ಸಿಡಿಸಿ, ತಡವಾಗಿ ಬಂದ ಅವರದ್ದೇ ತಪ್ಪೆಂದು ಆ ರಾತ್ರಿಯೇ ಹೇಳಲಾಯಿತು. ಮರುವರ್ಷ ಬಂದ ಸ್ವತಂತ್ರ ತನಿಖಾ ವರದಿ ಮುಖ್ಯ ಹೊಣೆಯನ್ನು ಪಂದ್ಯ ನಡೆಸಿದ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್ಎ ಮೇಲೆಯೇ ಹೊರಿಸಿತು. ಅಂಗವಿಕಲರೂ ಮಕ್ಕಳೂ ಇದ್ದ ಸಾಲಿನ ಮೇಲೆ ಹೊಗೆ ಬಿಟ್ಟು ಅವರನ್ನೇ ಪುಂಡರೆಂದ ಮಾತನ್ನು ಆ ವರದಿ ಬಂದ ಮೇಲೆ ಎಷ್ಟು ಜನ ಹಿಂದಕ್ಕೆ ಪಡೆದರು? ನಮ್ಮ ಹುಡುಗರಂತೂ ಸಿಂಗಾಪುರದಲ್ಲಿ ತಾವು ಕುಳಿತ ಸಾಲಿನ ನೀರಿನ ಬಾಟಲಿಗಳನ್ನು ಹೆಕ್ಕಿ, ಬ್ಯಾನರ್ ಮಡಚಿಕೊಂಡು ಹೊರಗೆ ಬಂದವರು.

ಮುಂದೆ ಭಾರತ ತಂಡ ಯಾವ ದೇಶಕ್ಕೆ ಹೋದರೂ ಇವರು ಹೋಗಲಿ ಎಂದು ನನ್ನ ಆಸೆ. ಭಿಶಿ ಮತ್ತೆ ಶುರುವಾಗಿದೆ, ಈ ಸಲ ನನ್ನ ಹೆಸರನ್ನೂ ಬರೆದುಕೊಂಡಿದ್ದಾರೆ. ಮಕ್ಕಳು ಹೋಗುತ್ತೇನೆಂದಾಗ ಹೆದರುವ ತಂದೆತಾಯಿಯರಿದ್ದರೆ ನಮ್ಮ ಮನೆಗೆ ಬರಲಿ, ವೀಸಾದ ಕಾಗದಪತ್ರ, ಉಳಿಯುವ ಜಾಗ, ಮೈದಾನದ ನಿಯಮ ಎಲ್ಲವನ್ನೂ ನಾನೇ ಕುಳಿತು ವಿವರಿಸುತ್ತೇನೆ. ರಜೆ ಕೊಡಲು ಹಿಂದೆಮುಂದೆ ನೋಡುವ ಮಾಲೀಕರ ಹತ್ತಿರವೂ ಬೇಕಾದರೆ ನಾನೇ ಹೋಗಿ ಮಾತನಾಡುತ್ತೇನೆ.