ಮೂಲೆಯಲ್ಲೊಂದು ಸಹಿ

ಗೆಳೆಯನ ಗೃಹಪ್ರವೇಶಕ್ಕೆ ಈ ಸಲ ಗೋಡೆ ಗಡಿಯಾರ ಬೇಡ, ನಾನೇ ತೆಗೆದ ಫೋಟೋ ಕೊಡೋಣ ಅಂದುಕೊಂಡೆ. ಆಗುಂಬೆಯ ಮಳೆ, ಖಾಲಿ ಬಸ್ ಸ್ಟಾಪು, ಅದರಡಿ ಮುದುಡಿ ನಿಂತ ಒದ್ದೆ ನಾಯಿ. ಫ್ರೇಮ್ ಅಂಗಡಿಯವರು ವೆಂಕಟರಮಣ, ಲಕ್ಷ್ಮಿ, ಯಾರದೋ ತೀರಿಹೋದ ಅಜ್ಜಂದಿರ ಮಧ್ಯದಿಂದ ನನ್ನ ನಾಯಿಯನ್ನು ಎತ್ತಿ ಕೇಳಿದರು: "ಸೈನ್ ಹಾಕಲ್ವಾ ಸಾರ್? ಗಾಜು ಕೂರಿಸಿದ್ಮೇಲೆ ಆಗಲ್ಲ."

ನೆಮ್ಮದಿ ಹೋಯಿತು. ನನಗಿರುವುದು ಒಂದೇ ಸಹಿ, ಬ್ಯಾಂಕಿನದು. ಜಿರಳೆ ಮಸಿಯಲ್ಲಿ ಬಿದ್ದೆದ್ದು ಓಡಿದ ಹಾಗಿದೆ. ಅದೂ ಪ್ರತಿ ಸಲ ಬೇರೆ ದಿಕ್ಕಿಗೆ. ಒಮ್ಮೆ ಚೆಕ್ಕೇ ವಾಪಸ್ ಬಂದಿತ್ತು. ಅದನ್ನು ಇನ್ನೊಬ್ಬರ ಮನೆ ಹಾಲ್‌ನಲ್ಲಿ ನೇತುಹಾಕುವುದೇ?

ಫೋಟೋ ಸಲೋನ್‌ಗಳಲ್ಲಿ (ಕ್ಷೌರದ್ದಲ್ಲ, ಸ್ಪರ್ಧೆಯದು) ಈ ತಲೆನೋವಿಲ್ಲ. ತೀರ್ಪುಗಾರರಿಗೆ ಹೆಸರು ಕಾಣಬಾರದು, ಬರೆಯುವುದೆಲ್ಲ ಪ್ರಿಂಟಿನ ಹಿಂದೆ. ಆದರೆ ಗೋಡೆಗೆ ತೂಗುವ ಫೋಟೋದ ಹಿಂದೆ ಸಹಿ ಹಾಕಿದರೆ ಓದುವುದು ಹಲ್ಲಿ ಮಾತ್ರ. ಹಳೇ ಸ್ಟುಡಿಯೋದವರು ಜಾಣರಪ್ಪ. ಅಜ್ಜ ಅಜ್ಜಿ ಬಿಗಿದುಕೊಂಡು ಕೂತ ನಮ್ಮ ಮನೆಯ ಫೋಟೋದ ರಟ್ಟಿನ ಮೂಲೆಯಲ್ಲಿ ಬಣ್ಣವಿಲ್ಲದ ಉಬ್ಬು ಮುದ್ರೆಯಿದೆ. ಕಣ್ಣಿಗಿಂತ ಬೆರಳಿಗೇ ಜಾಸ್ತಿ ಸಿಗುತ್ತದೆ. ಚಿಕ್ಕವನಿದ್ದಾಗ ಅದನ್ನು ಸವರುತ್ತಾ ಕೂರುತ್ತಿದ್ದೆ.

ಒಂದು ವೇಸ್ಟ್ ಪ್ರಿಂಟ್ ಮೇಲೆ ಪ್ರಯೋಗ ಮಾಡಿದೆ. ಹೊಳೆಯುವ ಕಾಗದದ ಮೈಮೇಲೆ ಪ್ಲಾಸ್ಟಿಕ್ ಪದರ, ಪೆನ್ಸಿಲ್ ಹಿಡಿಯಲೇ ಇಲ್ಲ. ಬಾಲ್ ಪೆನ್ ಜಾರಿತು. ಮಾರ್ಕರ್ ಏನೋ ಹಿಡಿಯಿತು, ಆದರೆ ಒಣಗುವ ಮೊದಲೇ ಅಂಗೈ ತಾಗಿ ನಾಯಿಗೆ ಎರಡನೇ ಬಾಲ ಬಂತು.

ಉಳಿದದ್ದು ಮೌಂಟ್, ಅಂದರೆ ಫೋಟೋ ಸುತ್ತಲಿನ ಬಿಳಿ ರಟ್ಟಿನ ಅಂಚು. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅಂಥವರೇ ಚಿತ್ರ ಅಂಟಿಸಿದ ರಟ್ಟಿನ ಮೇಲೆ ಸಹಿ ಹಾಕುತ್ತಿದ್ದರು, ನನಗೇನು? ನಾಳೆ ಯಾರಾದರೂ ಮೌಂಟ್ ಬದಲಿಸಿದರೆ ಸಹಿ ಕಸಕ್ಕೆ ಹೋಗುತ್ತದೆ, ನಿಜ. ಹೋಗಲಿ, ನಾಯಿಯಾದರೂ ಉಳಿಯುತ್ತದಲ್ಲ. ಪೆನ್ಸಿಲ್ ಚೂಪು ಮಾಡಿ, ಬಲಮೂಲೆಯಲ್ಲಿ ಕನ್ನಡದಲ್ಲೇ ಹೆಸರು ಬರೆದೆ. ಸಹಿಯಲ್ಲ, ಮೂರನೇ ಕ್ಲಾಸಿನ ಕಾಪಿ ಪುಸ್ತಕದ ಅಕ್ಷರ. ಜಂಬ ತಡೆಯದೆ ಎಡಗಡೆ 1/10 ಅಂತಲೂ ಹಾಕಿದೆ. ಹತ್ತೇ ಪ್ರತಿ, ಅದರಲ್ಲಿ ಇದು ಮೊದಲನೆಯದು ಎಂದರ್ಥ. ಉಳಿದ ಒಂಬತ್ತನ್ನು ಯಾರು ಕೇಳಿದ್ದರೋ!

ಗೃಹಪ್ರವೇಶದ ದಿನ ಊಟ ಮುಗಿಸಿ ಬಂದ ಗೆಳೆಯನ ದೊಡ್ಡಪ್ಪ ಕನ್ನಡಕ ಹಣೆಗೇರಿಸಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಹೆಸರು ಓದಿದರು. ಆಮೇಲೆ ಎಡಗಡೆ ನೋಡಿ ನನ್ನ ಕಡೆ ತಿರುಗಿದರು.

"ಹತ್ತಕ್ಕೆ ಒಂದೇ ಮಾರ್ಕ್ಸ್ ಕೊಟ್ಟಿದ್ದಾರಲ್ಲಪ್ಪಾ? ನಾಯಿ ಚೆನ್ನಾಗೇ ಇದೆಯಲ್ಲ!"